ಕೂಗಳತೆಯ ತಂಡ: ಮಲೆನಾಡಿನ ಫುಟ್‌ಬಾಲ್ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಆಟ ಮುಗಿದು ಹುಡುಗರು ಬೂಟಿನ ಕೆಸರು ಕೆರೆಯುತ್ತ ಕುಳಿತಿರುವಾಗ, ಅವರನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಹುಡುಗರೇ ಕೇಳಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಇಪ್ಪತ್ತು ವರ್ಷಗಳಿಂದ ಇರುವುದು ಶಿವಮೊಗ್ಗದಲ್ಲಿ. ತರಬೇತುದಾರನಲ್ಲ, ಚೆಂಡಿಗೆ ಗಾಳಿ ತುಂಬುವ, ಮೈದಾನಕ್ಕೆ ಗೆರೆ ಹಾಕುವ, ಗೆರೆಯಾಚೆ ನಿಂತು ಗಂಟಲು ಬೀಳುವವರೆಗೆ ಕೂಗುವ ಕೆಲಸ ನನ್ನದು. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸುವುದಕ್ಕಿಂತ ಒಮ್ಮೆ ಕುಳಿತು ಬರೆದುಬಿಡೋಣ ಎನಿಸಿತು.

ಶಿವಮೊಗ್ಗದಲ್ಲಿ ದೊಡ್ಡ ಕ್ಲಬ್ಬೇ ಇಲ್ಲ. ಹಾಗಿದ್ದಮೇಲೆ ನಮಗೆ ‘ನಮ್ಮೂರ ತಂಡ’ ಯಾವುದು?

ಮಲೆನಾಡಿನಲ್ಲಿ ದೂರವನ್ನು ಕೂಗಳತೆಯಲ್ಲಿ ಹೇಳುವ ರೂಢಿ ಇದೆ. ತೋಟದ ನಡುವೆ ಒಂಟಿ ಮನೆಗಳು. ಈ ದಿಬ್ಬದಲ್ಲಿ ನಿಂತು ‘ಕೂ’ ಎಂದರೆ ಆಚೆ ದಿಬ್ಬದ ಮನೆಯಿಂದ ಯಾರಾದರೂ ಓಗೊಡುತ್ತಾರೆ. ನಮ್ಮೂರ ತಂಡಕ್ಕೂ ನಾನು ಇಡುವುದು ಅದೇ ಅಳತೆ. ನೀವು ಕೂಗಿದ್ದು ಆಟಗಾರನ ಕಿವಿಗೆ ಬೀಳುತ್ತದೆ ಎಂದಾದರೆ ಅದು ನಿಮ್ಮೂರ ತಂಡ.

ಹಾಗೆ ನೋಡಿದರೆ ನಮ್ಮಲ್ಲಿ ತಂಡಗಳಿಗೆ ಬರವಿಲ್ಲ. ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬರುವ ಕಾಲೇಜು ಹುಡುಗರಿದ್ದಾರೆ. ಭದ್ರಾವತಿಯ ಕಾರ್ಮಿಕ ಬಡಾವಣೆಗಳ ಮಕ್ಕಳಿದ್ದಾರೆ. ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆ ಶಾಲೆಯ ಅಂಗಳದಲ್ಲಿ ಹನ್ನೊಂದು ಜನ ಸೇರದಿದ್ದರೆ ಏಳೇಳು ಜನರ ತಂಡ ಕಟ್ಟಿ ಆಡುವವರಿದ್ದಾರೆ. ಇವರ ಆಟಕ್ಕೆ ಟಿಕೆಟ್ ಇಲ್ಲ, ಟಿವಿ ಪ್ರಸಾರವಿಲ್ಲ, ಮಾರನೆಯ ದಿನದ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಅದೇ ದೊಡ್ಡದು. ನೋಡಲು ಬಂದವರ ತಲೆ ಎಣಿಸಿದರೆ ಮೂವತ್ತೋ ನಲವತ್ತೋ. ಆ ಮೂವತ್ತರಲ್ಲಿ ನೀವೊಬ್ಬರು ಬಾರದಿದ್ದರೆ ಆಟಗಾರನಿಗೆ ಗೊತ್ತಾಗುತ್ತದೆ. ಮುಂದಿನ ವಾರ ಸಿಕ್ಕಾಗ ಅವನೇ ಕೇಳುತ್ತಾನೆ, ಯಾಕೆ ಬರಲಿಲ್ಲ ಎಂದು.

ಬೆಂಗಳೂರು ಎಫ್‌ಸಿ ಮುನ್ನೂರು ಕಿಲೋಮೀಟರ್ ಆಚೆಗಿದೆ. ಅದು ನಮ್ಮ ತಂಡ ಹೇಗಾಗುತ್ತದೆ?

ನಮ್ಮ ಬೀದಿಯಲ್ಲಿ ಬೆಂಗಳೂರಿನಲ್ಲಿ ಮಗನೋ ಮಗಳೋ ಇಲ್ಲದ ಮನೆ ಯಾವುದಿದೆ? ಹಬ್ಬಕ್ಕೆ ಬರುವವರು, ಹಬ್ಬ ಮುಗಿಸಿ ಅಡಿಕೆ, ಉಪ್ಪಿನಕಾಯಿ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಹತ್ತುವವರು ಎಲ್ಲರೂ ಹೋಗುವುದು ಅಲ್ಲಿಗೇ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಮೊದಲ ಸಲ ಕುಳಿತಾಗ ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ನಮ್ಮ ಕಡೆಯ ಕನ್ನಡದಲ್ಲಿ ರೆಫರಿಯ ಮೇಲೆ ರೇಗುತ್ತಿದ್ದರು. ತಿರುಗಿ ನೋಡಿ ಊರು ಕೇಳಿದೆ. ಹೊಸನಗರ ಎಂದರು. ಆ ಕ್ಷಣಕ್ಕೆ ಮುನ್ನೂರು ಕಿಲೋಮೀಟರ್ ಕೂಗಳತೆಗೆ ಇಳಿಯಿತು.

ಇನ್ನೊಂದು ಕಾರಣ ನಮ್ಮ ಮಕ್ಕಳದು. ಇಲ್ಲಿಯ ಹುಡುಗನೊಬ್ಬ ಆಟದಲ್ಲೇ ಮುಂದೆ ಬರಬೇಕೆಂದರೆ ಅವನ ದಾರಿ ಬಹುಮಟ್ಟಿಗೆ ಬೆಂಗಳೂರಿನ ಲೀಗ್‌ಗಳ, ಅಕಾಡೆಮಿಗಳ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಆಟ ಬಾಳಿದರೆ ಇಲ್ಲಿಯ ಮೈದಾನಕ್ಕೆ ಉಸಿರು ಬರುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಎರಡು ತಂಡ: ಮೊದಲು ಬಡಾವಣೆಯದು, ಆಮೇಲೆ ಬೆಂಗಳೂರಿನದು. ಎರಡರ ನಡುವೆ ಎಂದೂ ಜಗಳ ಬಂದಿಲ್ಲ.

ಬೆಂಗಳೂರು ಎಫ್‌ಸಿ ಬಗ್ಗೆ ಹೊಸಬರು ತಿಳಿದಿರಬೇಕಾದದ್ದೇನು?

ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ, ಅಂದರೆ 2013–14ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ. ಆರಂಭದಲ್ಲಿ ಆಡುತ್ತಿದ್ದದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿಯ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದವರೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವಾದರು. ತಂಡ ಕಂಠೀರವಕ್ಕೆ ಬಂದಾಗ ಅವರೂ ಬಂದರು, ಅಲ್ಲಿಯೂ ಪಶ್ಚಿಮವನ್ನೇ ಹಿಡಿದರು.

ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆಯ ತಂಡ ಒಂದು ಗೋಲಿನಿಂದ ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಸೇರ್ಪಡೆ, 2018–19ರಲ್ಲಿ ಅದರ ಕಿರೀಟ, 2022ರಲ್ಲಿ ಡ್ಯುರಾಂಡ್ ಕಪ್. 2023 ಮತ್ತು 2025ರಲ್ಲಿ ಸೂಪರ್ ಲೀಗ್‌ನ ಫೈನಲ್‌ಗೆ ಹೋಗಿ ಎರಡು ಸಲವೂ ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಸೋತಿತು. ಸುನಿಲ್ ಛೆಟ್ರಿ ಮೊದಲ ವರ್ಷದಿಂದಲೂ ಈ ನೀಲಿ ಜೆರ್ಸಿಯ ಮುಖ.

ಚಿಕ್ಕಂದಿನಿಂದ ನಾನು ಆರ್ಸೆನಲ್ ಅಭಿಮಾನಿ. ಈಗ ಅದನ್ನು ಬಿಟ್ಟುಬಿಡಬೇಕೇ?

ಬಿಡಬೇಡಿ. ಯಾರ ಪ್ರೀತಿಯನ್ನೂ ಬಿಡಿಸಲು ನಾನು ಇದನ್ನು ಬರೆಯುತ್ತಿಲ್ಲ. ಶನಿವಾರ ರಾತ್ರಿ ಎಂಟೂವರೆಗೆ ಇಂಗ್ಲೆಂಡಿನ ಪಂದ್ಯ ನೋಡುವುದು, ಚಾಂಪಿಯನ್ಸ್ ಲೀಗ್‌ಗಾಗಿ ಒಂದೂವರೆಗೆ ಅಲಾರಾಂ ಇಟ್ಟು ಮನೆಯವರಿಗೆ ಕೇಳಿಸದಂತೆ ಟಿವಿಯ ಸದ್ದು ತಗ್ಗಿಸಿ ಕೂರುವುದು, ಇದೂ ನಿಷ್ಠೆಯೇ. ನಿದ್ದೆಗೆಟ್ಟವರಿಗೆ ಅದರ ಬೆಲೆ ಗೊತ್ತು.

ಆದರೆ ಆರ್ಸೆನಲ್ ಹುಟ್ಟಿದ ಬಗೆಯನ್ನು ಒಮ್ಮೆ ನೋಡಿ. 1886ರಲ್ಲಿ ಲಂಡನ್ನಿನ ವೂಲಿಚ್‌ನಲ್ಲಿದ್ದ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ತಂಡ ಅದು. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕಾರ್ಮಿಕರ ತಂಡವಾಗಿ ಶುರುವಾಯಿತು. ನೆದರ್ಲೆಂಡ್ಸ್‌ನ ಪಿಎಸ್‌ವಿ 1913ರಲ್ಲಿ ಫಿಲಿಪ್ಸ್ ಕಂಪನಿಯ ನೌಕರರ ತಂಡ. ಈ ಸಾಲುಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಭದ್ರಾವತಿಗೆ ಹೋಗುತ್ತದೆ. 1923ರಲ್ಲಿ ಕೆಲಸ ಆರಂಭಿಸಿದ ನಮ್ಮ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಅವುಗಳ ಸುತ್ತ ಸಾಲು ಸಾಲು ಕ್ವಾರ್ಟರ್ಸ್. ನನ್ನ ತಂದೆ ಪಾಳಿ ಮುಗಿಸಿ ಬರುವಾಗ ಮೈದಾನದ ಅಂಚಿನಲ್ಲಿ ಸೈಕಲ್ ನಿಲ್ಲಿಸುತ್ತಿದ್ದರು. ಇಳಿಯುತ್ತಿರಲಿಲ್ಲ. ಒಂದು ಕಾಲು ನೆಲಕ್ಕೆ, ಒಂದು ಕಾಲು ಪೆಡಲಿಗೆ, ಹ್ಯಾಂಡಲ್‌ಗೆ ತೂಗುಹಾಕಿದ ಖಾಲಿ ಊಟದ ಡಬ್ಬಿ. ಹಾಗೆಯೇ ಅರ್ಧ ಗಂಟೆ ಆಟ ನೋಡಿ, ಗೋಲಾದರೆ ಬೆಲ್ ಬಾರಿಸಿ ಮನೆಗೆ ಬರುತ್ತಿದ್ದರು. ವೂಲಿಚ್‌ನಲ್ಲೂ ಮೊದಲು ನಿಂತು ನೋಡಿದವರು ಇಂಥವರೇ ಇದ್ದಿರಬೇಕು, ಪಾಳಿ ಮುಗಿಸಿ ಮನೆಗೆ ಹೊರಟವರು. ಅವರು ಆ ಮೈದಾನದ ಅಂಚಿಗೆ ಬಾರದೇ ಇದ್ದಿದ್ದರೆ ನೀವು ಇಂದು ಪ್ರೀತಿಸುವ ಕ್ಲಬ್ ಇರುತ್ತಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಮನೋಭಾವ ನಮ್ಮ ಫುಟ್‌ಬಾಲಿಗೆ ಮಾಡಿದ ಹಾನಿ ಸಣ್ಣದಲ್ಲ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ನೋಡಲು ಬಂದವರು 2,569 ಜನ. ಮೂರು ಗೋಲು ಹೊಡೆದಿದ್ದ ಛೆಟ್ರಿ ಮರುದಿನ ಮೊಬೈಲ್ ಮುಂದೆ ನಿಂತು, ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡರು. ಯುರೋಪಿನ ಕ್ಲಬ್‌ಗಳ ಅಭಿಮಾನಿಗಳನ್ನು ಹೆಸರಿಸಿಯೇ ಕೇಳಿದರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯ, ಅವರ ನೂರನೆಯದು, ಮಳೆಯಲ್ಲೂ ಕ್ರೀಡಾಂಗಣ ತುಂಬಿತ್ತು. ಭಾರತ 3–0ಯಿಂದ ಗೆದ್ದಿತು. ಆ ವಿಡಿಯೊ ನೋಡಿದಾಗ ನನಗೆ ಆದದ್ದು ಸಂಕಟ. ದೇಶದ ನಾಯಕ ಹೀಗೆ ಬೇಡಬೇಕಾಗಿ ಬಂತಲ್ಲ ಎಂಬ ಸಂಕಟ.

ಆರ್ಸೆನಲ್‌ಗೆ ನೀವು ಬೇಕಾದಷ್ಟು ಸಲ ಕೂಗಿ. ವಾರಕ್ಕೊಂದು ಗಂಟೆಯನ್ನು ಮಾತ್ರ ಇಲ್ಲಿಯ ಹುಡುಗರಿಗೂ ತೆಗೆದಿಡಿ. ಅಷ್ಟೇ ನನ್ನ ಕೋರಿಕೆ.

ನಮ್ಮ ಮನೆಯವರು ಕೇರಳದಿಂದ ಬಂದು ಇಲ್ಲಿ ನೆಲೆಸಿದವರು. ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಆಡುವಾಗ ನಾನು ಯಾರ ಪರ?

ನರಸಿಂಹರಾಜಪುರ, ಹೊಸನಗರ, ಸಾಗರದ ಕಡೆ ರಬ್ಬರ್, ಶುಂಠಿ ಬೆಳೆಯುತ್ತ ಎರಡು ಮೂರು ತಲೆಮಾರು ಕಳೆದ ಮನೆಗಳಿಂದ ಈ ಪ್ರಶ್ನೆ ಬರುತ್ತದೆ. ನಮ್ಮ ತಂಡದ ಗೋಲ್‌ಕೀಪರ್ ಇಂಥ ಮನೆಯವನೇ. ಅಜ್ಜನಿಗೆ ಕೊಚ್ಚಿಯ ಹಳದಿ, ಮೊಮ್ಮಗನಿಗೆ ಬೆಂಗಳೂರಿನ ನೀಲಿ, ಒಂದೇ ಸೋಫಾ.

ವಲಸೆ ಬಂದವರು ಹಳೆಯ ಊರನ್ನು ತಂಡದಲ್ಲಿ ಉಳಿಸಿಕೊಳ್ಳುವುದು ಹೊಸದೇನಲ್ಲ. ಕೋಲ್ಕತ್ತದಲ್ಲಿ 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬನ್ನು, ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರು ತಮ್ಮದೆಂದು ಅಪ್ಪಿಕೊಂಡರು. ಕಳೆದುಕೊಂಡ ಊರಿಗೆ ಬದಲು ಅವರಿಗೆ ಸಿಕ್ಕಿದ್ದು ಕೆಂಪು–ಚಿನ್ನದ ಬಣ್ಣದ ಜೆರ್ಸಿ. ಅವರು ಗೆದ್ದ ದಿನ ಇಲಿಶ್ ಮೀನು, 1889ರಲ್ಲಿ ಹುಟ್ಟಿದ ಎದುರಾಳಿ ಕ್ಲಬ್ ಮೋಹನ್ ಬಾಗಾನ್ ಗೆದ್ದ ದಿನ ಸೀಗಡಿ ಎಂಬ ರೂಢಿ ಅಲ್ಲಿ ಇವತ್ತಿಗೂ ಇದೆ.

ಆದ್ದರಿಂದ ಅಜ್ಜ ಹಳದಿ ತೊಡಲಿ. ನೀವು ಶಾಲೆಗೆ ಹೋಗಿದ್ದು, ಬಿದ್ದು ಮೊಣಕಾಲು ತರಚಿಕೊಂಡಿದ್ದು, ಮೊದಲ ಗೋಲು ಹೊಡೆದದ್ದು ಈ ಮಣ್ಣಿನಲ್ಲಿ ಎನಿಸಿದರೆ ನೀಲಿ ತೊಡಿ. 2023ರ ಮಾರ್ಚ್ 3ರ ನಾಕೌಟ್ ಪಂದ್ಯವನ್ನು ಆ ಮನೆಯಲ್ಲಿ ಕುಳಿತೇ ನಾನು ನೋಡಿದ್ದೆ. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀಕಿಕ್ಕನ್ನು ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಗೋಲಿಗೆ ಕಳಿಸಿದರು. ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಆಟಗಾರರು ಪ್ರತಿಭಟಿಸಿ ಮೈದಾನ ಬಿಟ್ಟು ಹೊರನಡೆದರು, ಪಂದ್ಯ ಬೆಂಗಳೂರಿನ ಪಾಲಾಯಿತು. ಅಜ್ಜ ಎದ್ದು ಹೋಗಿ ಜಗಲಿಯಲ್ಲಿ ಕುಳಿತರು. ಮೊಮ್ಮಗ ಕುಣಿಯಲಿಲ್ಲ. ಒಳಗಿನಿಂದ ಚಹಾ ತಂದು ಅವರ ಪಕ್ಕದಲ್ಲಿಟ್ಟು ತಾನೂ ಕುಳಿತ. ಆ ಹುಡುಗ ಗೋಲಿನ ಕೆಳಗೆ ನಿಂತಾಗ ನನಗೆ ಅದು ನೆನಪಾಗುತ್ತದೆ.

ಕರ್ನಾಟಕಕ್ಕೆ ಫುಟ್‌ಬಾಲ್ ಪರಂಪರೆ ಎಂಬುದು ಇದೆಯೇ? ನಾವು ಕ್ರಿಕೆಟ್ ಜನ ಅಲ್ಲವೇ?

ಗುಂಡಪ್ಪ ವಿಶ್ವನಾಥ್ ಹುಟ್ಟಿದ ಭದ್ರಾವತಿಯವನಾಗಿ ಕ್ರಿಕೆಟ್ಟಿನ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಪಂದ್ಯ 2–1ರಿಂದ ಕೈತಪ್ಪಿತು. ಈಸ್ಟ್ ಬೆಂಗಾಲ್‌ನಲ್ಲಿ ಮೆರೆದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ಹಲಸೂರಿನ ಹತ್ತಿರದ ಗೌತಮಪುರದ ಬೀದಿಯಲ್ಲಿ ಇಂದಿಗೂ ಪೆಲೆಯ ಪ್ರತಿಮೆ ನಿಂತಿದೆ.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ‘ಮೈಸೂರು’ ಎಂಬ ಹೆಸರಿನಲ್ಲಿ ನಾವು ನಾಲ್ಕು ಸಲ ಗೆದ್ದಿದ್ದೆವು, ಕೊನೆಯದು 1968–69ರಲ್ಲಿ. ಆಮೇಲೆ ರಾಜ್ಯದ ಹೆಸರು ಬದಲಾಯಿತು, ತಲೆಮಾರುಗಳು ಬದಲಾದವು, ಕಪ್ ಮಾತ್ರ ಬರಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಎತ್ತಿತು. ಐವತ್ತನಾಲ್ಕು ವರ್ಷ! ಹಿಂದಿನ ರಾತ್ರಿಯಷ್ಟೇ ಕಂಠೀರವದ ಆ ಫ್ರೀಕಿಕ್ ಗದ್ದಲ ನಡೆದಿತ್ತಾದ್ದರಿಂದ ಎಲ್ಲರ ಮಾತೂ ಅದರದೇ. ರಿಯಾದ್‌ನಲ್ಲಿ ಗೆದ್ದ ಹುಡುಗರ ಹೆಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ವಿಚಾರದಲ್ಲಿ ನನಗೆ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ.

ಶಿವಮೊಗ್ಗದಿಂದ ಹೋಗಿ ಕಂಠೀರವದಲ್ಲಿ ಪಂದ್ಯ ನೋಡಿ ಬರುವುದು ಹೇಗೆ?

ಬೆಳಗಿನ ರೈಲಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬೆಂಗಳೂರಿನಲ್ಲಿರುತ್ತೀರಿ. ಪಂದ್ಯ ಸಾಮಾನ್ಯವಾಗಿ ಸಂಜೆ ಏಳೂವರೆಗೆ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕ್ರೀಡಾಂಗಣ ನಡೆದುಹೋಗುವ ದೂರ. ಒಂಬತ್ತೂವರೆಗೆ ಆಟ ಮುಗಿದರೆ ಅದೇ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ರಾತ್ರಿ ಬಸ್. ತಾಳಗುಪ್ಪದ ಕಡೆ ಬರುವ ರಾತ್ರಿ ರೈಲೂ ಇದೆ, ಅದರ ವೇಳೆಯನ್ನು ಮೊದಲೇ ನೋಡಿಕೊಳ್ಳಿ. ಹೆಚ್ಚುವರಿ ಅವಧಿಗೆ ಹೋಗಬಹುದಾದ ನಾಕೌಟ್ ಪಂದ್ಯವಾದರೆ ರೈಲನ್ನು ನಂಬಬೇಡಿ, ತಡವಾಗಿ ಹೊರಡುವ ಬಸ್ಸಿಗೆ ಸೀಟು ಕಾಯ್ದಿರಿಸಿ.

ಕಂಠೀರವದಲ್ಲಿ ಗ್ಯಾಲರಿಗೂ ಆಟದ ಅಂಗಳಕ್ಕೂ ನಡುವೆ ಓಟದ ಪಥವಿದೆ, ಆಟ ಸ್ವಲ್ಪ ದೂರವೆನಿಸುತ್ತದೆ. ಅದಕ್ಕೇ ಪಶ್ಚಿಮದ ಬದಿಗೆ ಹೋಗಿ. ಅಲ್ಲಿ ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ, ಡೋಲು ನಿಲ್ಲುವುದಿಲ್ಲ. ಪುಟ್ಟ ಮಕ್ಕಳಿದ್ದರೆ ಬೇರೆ ಸ್ಟ್ಯಾಂಡ್ ಒಳ್ಳೆಯದು.

ಮಗಳನ್ನು ಕರೆದುಕೊಂಡು ಹೋಗಬಹುದೇ? ಅವಳಿಗೆ ಆಡುವ ಆಸೆಯೂ ಇದೆ.

ಎರಡಕ್ಕೂ ಹೌದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್‌ವರೆಗೆ ಹೋಗಿದ್ದರು. ನಮ್ಮಲ್ಲಿ ಆರು ಹುಡುಗಿಯರು ಬರುತ್ತಾರೆ. ಏಳನೆಯವಳಿಗೆ ಕಾಯುತ್ತಿದ್ದೇವೆ.

ತಂಡ ಸೋಲುತ್ತಲೇ ಇದ್ದರೆ ಎಷ್ಟು ದಿನ ಜೊತೆಗಿರುವುದು?

2018ರ ಮಾರ್ಚ್ 17ರಂದು ನಾನು ಕಂಠೀರವದಲ್ಲಿದ್ದೆ. ಸೂಪರ್ ಲೀಗ್‌ನ ಫೈನಲ್, ಎದುರಾಳಿ ಚೆನ್ನೈಯಿನ್, ನಮ್ಮದೇ ಅಂಗಳ. ಒಂಬತ್ತನೆಯ ನಿಮಿಷದಲ್ಲಿ ಛೆಟ್ರಿ ಹಾರಿ ತಲೆಯಿಂದ ಹೊಡೆದ ಗೋಲಿಗೆ ನನ್ನ ಕನ್ನಡಕ ಎರಡು ಸಾಲು ಕೆಳಗೆ ಹೋಗಿ ಬಿತ್ತು. ಯಾರೋ ಹುಡುಗಿ ಎತ್ತಿಕೊಟ್ಟಳು, ಒಂದು ಕಡ್ಡಿ ಬಾಗಿತ್ತು. ಬಾಗಿದ ಕನ್ನಡಕದಲ್ಲೇ ಉಳಿದದ್ದನ್ನೆಲ್ಲ ನೋಡಿದೆ. ಚೆನ್ನೈನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್ ಕಿಕ್‌ಗಳಿಗೆ ಎರಡು ಸಲ ತಲೆ ಕೊಟ್ಟು ಗೋಲು ಹೊಡೆದ. ಆಮೇಲೆ ಮೂರನೆಯದೂ ಬಂತು. ಕೊನೆಗಳಿಗೆಯಲ್ಲಿ ನಮ್ಮ ಮಿಕು ಒಂದನ್ನು ತೀರಿಸಿದಾಗ ಎದೆ ಬಾಯಿಗೆ ಬಂದಿತ್ತು, ಆದರೆ ಸಮಯ ಉಳಿದಿರಲಿಲ್ಲ. 3–2. ಸೀಟಿ ಊದಿದ ಮೇಲೆ ಪಶ್ಚಿಮದವರು ಹೊರಡಲಿಲ್ಲ. ಆಟಗಾರರು ತಲೆ ತಗ್ಗಿಸಿ ಹತ್ತಿರ ಬಂದಾಗ ಮತ್ತೆ ಹಾಡು ಎತ್ತಿದರು. ಆ ರಾತ್ರಿ ಬಸ್ಸಿನಲ್ಲಿ ತರೀಕೆರೆ ದಾಟುವವರೆಗೂ ನನಗೆ ನಿದ್ದೆ ಹತ್ತಲಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮತ್ತೆ ಫೈನಲ್. ಈ ಸಲ ಮುಂಬೈನಲ್ಲಿ, ಎದುರಾಳಿ ಗೋವಾ. ನಾನು ಮನೆಯಲ್ಲಿದ್ದೆ. ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಳಿಸಿದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಹಿಂದಿನ ವರ್ಷ ಕಾರ್ನರ್‌ನಿಂದಲೇ ಸೋತವರು ಈ ವರ್ಷ ಕಾರ್ನರ್‌ನಿಂದಲೇ ಗೆದ್ದರು. 2018ರ ಆ ರಾತ್ರಿ ಬಸ್ಸಿನಲ್ಲಿ ಕೂರದವರಿಗೆ ಈ ಗೋಲು ಇನ್ನೊಂದು ಗೋಲು, ಅಷ್ಟೇ. ನಾನು ಅತ್ತೆ.

ನೆಚ್ಚಿನ ಆಟಗಾರ ಬೇರೆ ಕ್ಲಬ್ಬಿಗೆ ಹೋದರೆ?

ಹೋಗಲಿ, ಅದು ಅವನ ಹೊಟ್ಟೆಪಾಡು. ಎದುರು ತಂಡದಲ್ಲಿ ಬಂದಾಗ ಎದ್ದುನಿಂತು ಚಪ್ಪಾಳೆ ತಟ್ಟಿ, ಆಟ ಶುರುವಾದ ಮೇಲೆ ನಮ್ಮವರ ಪರ ಕೂಗಿ.

ತಂಡ ನಮ್ಮದೆನ್ನುತ್ತೇವೆ, ಆದರೆ ಮಾಲೀಕರು ಬೇರೆ. ಅವರು ಮಾರಿದರೆ, ಮುಚ್ಚಿದರೆ ನಮ್ಮ ನಿಷ್ಠೆಗೆ ಏನು ಬೆಲೆ?

ಇದು ಕಷ್ಟದ ಪ್ರಶ್ನೆ, ನನ್ನನ್ನು ಕಾಡುವ ಪ್ರಶ್ನೆಯೂ ಹೌದು. 2025ರಲ್ಲಿ ಲೀಗ್ ನಡೆಸುವ ಒಪ್ಪಂದದ ಬಿಕ್ಕಟ್ಟಿನಿಂದ ಸೂಪರ್ ಲೀಗ್ ವಾಡಿಕೆಯಂತೆ ಸೆಪ್ಟೆಂಬರ್‌ನಲ್ಲಿ ಆರಂಭವಾಗಲೇ ಇಲ್ಲ. ಆ ತಿಂಗಳುಗಳಲ್ಲಿ ಹುಡುಗರು ನನ್ನನ್ನು ಕೇಳುತ್ತಿದ್ದರು, ಇನ್ನು ಆಟವೇ ಇಲ್ಲವೇ ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಭಾನುವಾರದ ಆಟವನ್ನು ಮಾತ್ರ ಒಂದು ವಾರವೂ ನಿಲ್ಲಿಸಲಿಲ್ಲ.

ಅವರಿಗೆ ನಾನು ಹೇಳಿದ್ದು ವಿಂಬಲ್ಡನ್ ಕಥೆಯನ್ನು. 2002ರಲ್ಲಿ ಆ ಲಂಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಎತ್ತಿಕೊಂಡು ಹೋಗಲು ಅನುಮತಿ ಸಿಕ್ಕಿತು. ಅಭಿಮಾನಿಗಳು ಹಿಂದೆ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ತಾವೇ ಹೊಸ ಕ್ಲಬ್ ಕಟ್ಟಿದರು, ಊರಿನ ಬಯಲಿನಲ್ಲಿ ಆಟಗಾರರನ್ನು ಆಯ್ಕೆ ಮಾಡಿದರು, ಲೀಗ್‌ಗಳ ತೀರಾ ಕೆಳಗಿನ ಮೆಟ್ಟಿಲಿನಿಂದ ಹತ್ತಲು ಶುರುಮಾಡಿದರು. 2011ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್‌ಗೆ ಮರಳಿದರು, 2020ರ ನವೆಂಬರ್‌ನಲ್ಲಿ ತಮ್ಮ ಹಳೆಯ ಬೀದಿ ಪ್ಲೌ ಲೇನ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ ಕಾಲಿಟ್ಟರು. ಜರ್ಮನಿಯಲ್ಲಿ ಕ್ಲಬ್‌ನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್‌ಗಳು ತಮ್ಮಷ್ಟಕ್ಕೇ ಒಂದು ಸೂಪರ್ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಅಲ್ಲಿಯ ಆರೂ ಕ್ಲಬ್‌ಗಳು ಎರಡು ದಿನದೊಳಗೆ ಹಿಂದೆ ಸರಿದವು.

ಭದ್ರಾವತಿಯಲ್ಲಿ ಕಾರ್ಖಾನೆಗಳ ಸದ್ದು ಕುಗ್ಗಿದಂತೆ ಮೈದಾನದ ಅಂಚಿನಲ್ಲಿ ನಿಲ್ಲುವ ಸೈಕಲ್‌ಗಳೂ ಕಡಿಮೆಯಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನಿಂದ ಬರುವ ಹಣವನ್ನೇ ನಂಬಿದ ಆಟ ಆ ಹಣದೊಂದಿಗೇ ಹೋಗುತ್ತದೆ. ಆದ್ದರಿಂದ ನಮ್ಮ ಬಡಾವಣೆಯ ತಂಡಕ್ಕೆ ಒಬ್ಬ ದಾನಿಯಿಂದ ಹತ್ತು ಸಾವಿರ ತರುವುದಕ್ಕಿಂತ ನೂರು ಮನೆಗಳಿಂದ ನೂರು ನೂರು ಕೂಡಿಸುವುದು ನನಗೆ ಇಷ್ಟ.

ಎದುರಾಳಿಗಳನ್ನು ಬೈಯುವುದು ಆಟದ ಭಾಗವಲ್ಲವೇ?

ಕೆಣಕುವುದು ಹೌದು. ತಾಯಿಯನ್ನು, ಜಾತಿಯನ್ನು, ಭಾಷೆಯನ್ನು, ಮೈಬಣ್ಣವನ್ನು ಎಳೆದು ತರುವುದು ಅಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊತ್ತಿದ ಜಗಳಕ್ಕೆ ಹದಿನಾರು ಜನ ಬಲಿಯಾದರು. ಆಟ ನೋಡಲು ಹೋದ ಮಕ್ಕಳು ಮನೆಗೆ ಮರಳಲಿಲ್ಲ. ನಮ್ಮ ಗೆರೆಯ ಬದಿಯಲ್ಲಿ ಅಂಥ ಮಾತು ಕೇಳಿಸಿದರೆ ಆಟ ನಿಲ್ಲಿಸುತ್ತೇವೆ, ಹೇಳಿದವರು ಯಾರೇ ಆಗಿರಲಿ.

ಮಲೆನಾಡಿನ ಮಳೆಯಲ್ಲಿ ಫುಟ್‌ಬಾಲ್ ಸಾಧ್ಯವೇ?

ಆರಿದ್ರೆ ಹಿಡಿದ ಮೇಲೆ ಸುಣ್ಣದ ಗೆರೆ ನಿಲ್ಲುವುದಿಲ್ಲ. ಹಾಕಿದ ಹತ್ತು ನಿಮಿಷಕ್ಕೆ ಹಾಲಿನಂತೆ ಹರಿದುಹೋಗುತ್ತದೆ. ಅದಕ್ಕೆ ನಾವು ಸಾಮಿಲ್‌ನಿಂದ ಮರದ ಹೊಟ್ಟು ತಂದು, ಬಕೆಟ್‌ನಲ್ಲಿ ನೆನೆಸಿ, ಮುಷ್ಟಿ ಮುಷ್ಟಿಯಾಗಿ ಹಾಕಿ ಕಾಲಿನಿಂದ ಮೆಟ್ಟುತ್ತೇವೆ. ಗೋಲಿನ ಕಂಬಕ್ಕೆ ಅಡಿಕೆ ಮರ, ಅಡ್ಡಕ್ಕೆ ಬಿದಿರು. ನೆನೆದ ಚೆಂಡು ಭಾರವಾಗುತ್ತದೆ, ನೀರು ನಿಂತಲ್ಲಿ ಗಕ್ಕನೆ ನಿಂತುಬಿಡುತ್ತದೆ, ಓಡಿಬಂದವನು ಚೆಂಡನ್ನು ದಾಟಿ ಜಾರಿಹೋಗುತ್ತಾನೆ. ಕಾಡಂಚಿನ ಮೈದಾ‌ನವಾದರೆ ಸಾಕ್ಸ್ ಬಿಚ್ಚುವಾಗ ಇಂಬಳ ಸಿಗುತ್ತದೆ; ಒಂದು ಪೊಟ್ಟಣ ಉಪ್ಪು ಜೊತೆಗಿರಲಿ. ಗುಡುಗು ಕೇಳಿಸಿದರೆ ಮಾತ್ರ ತಕ್ಷಣ ಆಟ ನಿಲ್ಲಿಸಿ ಸೂರಿನೊಳಗೆ ಸೇರಬೇಕು, ಇದರಲ್ಲಿ ರಾಜಿ ಇಲ್ಲ.

ಹೀಗೆ ಆಡಿದ ಮಕ್ಕಳ ಕಾಲಿಗೆ ಬರುವ ಹಿಡಿತವೇ ಬೇರೆ. ಛತ್ರಿ ಹಿಡಿದು ನಿಂತ ಐದಾರು ಜನರ ಕೂಗು ಆ ಮಳೆಯ ಸದ್ದಿನಲ್ಲಿ ಕೇಳಿಸುವುದು ಕಷ್ಟ, ಆದ್ದರಿಂದ ಇನ್ನಷ್ಟು ಜೋರಾಗಿ ಕೂಗಿ.

ಆಡಲು ಬಾರದ ನಾನು ತಂಡಕ್ಕೆ ಏನು ಮಾಡಬಹುದು?

ಮೊದಲು ಹುಡುಗರ ಹೆಸರು ಕಲಿಯಿರಿ. ‘ಏ ಏಳನೇ ನಂಬರ್’ ಎಂದು ಕೂಗುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಇರುವ ವ್ಯತ್ಯಾಸ ಅವರು ತಿರುಗಿ ನೋಡುವ ರೀತಿಯಲ್ಲೇ ತಿಳಿಯುತ್ತದೆ. ನಿಮ್ಮ ಬಳಿ ಗಾಡಿ ಇದ್ದರೆ ಬೇರೆ ಊರಿನ ಪಂದ್ಯಕ್ಕೆ ನಾಲ್ವರನ್ನು ಕೂರಿಸಿಕೊಳ್ಳಿ. ನಿಮ್ಮ ಮಗನ ಕಾಲಿಗೆ ಸಣ್ಣದಾದ ಬೂಟು ಮೂಲೆಯಲ್ಲಿದ್ದರೆ ತೊಳೆದು, ಒಣಗಿಸಿ, ಪತ್ರಿಕೆಯ ಹಾಳೆ ತುರುಕಿ ತಂದುಕೊಡಿ. ಚೆಂಡಿಗೆ ಗಾಳಿ ತುಂಬುವಾಗ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಬೇಕು, ಇಲ್ಲದಿದ್ದರೆ ಒಳಗಿನ ವಾಲ್ವ್ ಹರಿದು ಚೆಂಡು ಕೆಡುತ್ತದೆ. ಇಷ್ಟು ಗೊತ್ತಿದ್ದವರೊಬ್ಬರು ಪ್ರತಿ ತಂಡಕ್ಕೂ ಬೇಕು.

ಈ ಭಾನುವಾರ ಆಟವಿದೆಯೇ?

ಇದೆ, ಬೆಳಿಗ್ಗೆ ಏಳಕ್ಕೆ. ಎದುರು ತಂಡ ತೀರ್ಥಹಳ್ಳಿಯ ಕಡೆಯದು, ಮೊದಲ ಬಸ್ಸಿಗೆ ಬರುತ್ತಾರೆ, ಅವರಿಗೂ ಸೇರಿಸಿ ಅವಲಕ್ಕಿ ಮಾಡಿಸಿದ್ದೇವೆ. ನಮ್ಮ ಪಂಪು ಹೋದ ವಾರ ಕೈಕೊಟ್ಟಿದೆ. ನಿಮ್ಮ ಮನೆಯಲ್ಲಿ ಸೈಕಲ್ ಪಂಪು ಇದ್ದರೆ ಬರುವಾಗ ತನ್ನಿ, ಸೂಜಿ ನನ್ನ ಬಳಿ ಇದೆ.